ಜಾಕ್ ತಾತಿ ನಿರ್ದೇಶಕನಾಗಲು ನಲವತ್ತು ವರ್ಷ ಏಕೆ ಹಿಡಿಯಿತು?

ಸಿರ್ಸಿ ಮಾಸ್ತರ

ಫ್ರಾನ್ಸಿನ ಹಾಸ್ಯಚಿತ್ರಗಳ ನಟ, ನಿರ್ದೇಶಕ ಜಾಕ್ ತಾತಿಯ ಹೆಸರು ಬಂದಾಗಲೆಲ್ಲ ನಮ್ಮ ಚಿತ್ರಪ್ರೇಮಿಗಳ ಮಾತು ಗಿಡ್ಡ ಪ್ಯಾಂಟು, ಬಾಯಲ್ಲಿ ಪೈಪು, ಮುಂದಕ್ಕೆ ಬಾಗಿದ ನಡಿಗೆಯ ಮಿಸ್ಯೊ ಉಲೊ ಪಾತ್ರಕ್ಕೇ ಹೋಗಿ ನಿಲ್ಲುತ್ತದೆ. ಆ ಪಾತ್ರ ತೆರೆಗೆ ಬಂದದ್ದು 1953ರಲ್ಲಿ; ಆಗ ಆತನಿಗೆ 45 ವರ್ಷ. ಅದಕ್ಕೂ ಹಿಂದಿನ ಬದುಕಿನ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಸಿರ್ಸಿಯಲ್ಲಿ ನಾವು ಕೆಲವರು ಸೇರಿ ಹೈಸ್ಕೂಲಿನ ಮಕ್ಕಳಿಗೂ ಊರವರಿಗೂ ಅವನ ಮೊದಲ ದೊಡ್ಡ ಚಿತ್ರ ‘ಜೂರ್ ದ ಫೆತ್’ (ಜಾತ್ರೆಯ ದಿನ) ತೋರಿಸಬೇಕೆಂದಿದ್ದೇವೆ. ಪ್ರದರ್ಶನಕ್ಕೆ ಮೊದಲು ನಾನು ಆಡಬೇಕೆಂದಿರುವ ಮಾತುಗಳನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಒಪ್ಪದವರು ದಯವಿಟ್ಟು ಒಪ್ಪುವುದಿಲ್ಲವೆಂದೇ ಬರೆಯಿರಿ.

ತಾತಿ ಒಳ್ಳೆಯ ಮೂಕಾಭಿನಯದ ನಟನಾಗಿದ್ದ, ಆದ್ದರಿಂದಲೇ ಒಳ್ಳೆಯ ಚಿತ್ರಗಳನ್ನು ಮಾಡಿದ ಎಂದು ಹೇಳುವುದು ರೂಢಿ. ನನಗೆ ಹಾಗೆ ಅನ್ನಿಸುವುದಿಲ್ಲ. ರಂಗದ ಮೇಲೆ ಒಬ್ಬನೇ ನಿಂತು ಗಳಿಸುತ್ತಿದ್ದ ನಗೆಯನ್ನು ಬೇರೆಯವರ ಕೈಗೆ ಕೊಡಲು ಕಲಿತ ಮೇಲೆ ಅವನು ನಿರ್ದೇಶಕನಾದ. ಒಳ್ಳೆಯ ನಟನಿಗೆ ಇದು ಎಲ್ಲಕ್ಕಿಂತ ಕಷ್ಟದ ಪಾಠ, ಅದನ್ನು ಕಲಿಯಲು ಅವನಿಗೆ ಸುಮಾರು ಹದಿನೈದು ವರ್ಷ ಬೇಕಾಯಿತು.

ಅವನ ಪೂರ್ತಿ ಹೆಸರು ಜಾಕ್ ತಾತಿಶೆಫ್. ಹುಟ್ಟಿದ್ದು 1907ರ ಅಕ್ಟೋಬರ್ 9ರಂದು, ಪ್ಯಾರಿಸ್ಸಿನ ಪಶ್ಚಿಮಕ್ಕಿರುವ ಲ ಪೆಕ್ ಎಂಬಲ್ಲಿ. ತಂದೆಯ ಕಡೆಯಿಂದ ರಷ್ಯಾದ ಶ್ರೀಮಂತ ಮನೆತನದ ರಕ್ತ, ತಾಯಿಯ ಕಡೆಯಿಂದ ಡಚ್ಚರ ನಂಟು. ತಾಯಿಯ ತಂದೆ ವಾನ್ ಹೂಫ್ ಪ್ಯಾರಿಸ್ಸಿನಲ್ಲಿ ಚಿತ್ರಪಟಗಳಿಗೆ ಚೌಕಟ್ಟು ಹಾಕುವ ಹೆಸರಾಂತ ಅಂಗಡಿ ಇಟ್ಟಿದ್ದರು, ಅಳಿಯನೂ ಅದೇ ವ್ಯವಹಾರಕ್ಕೆ ಸೇರಿದ್ದರು. ಶಾಲೆಯಲ್ಲಿ ಮನಸ್ಸು ನಿಲ್ಲದ ಹುಡುಗನನ್ನು ಮನೆಯವರು ಇದೇ ಕಸುಬಿಗೆ ಹಚ್ಚಿದರು. ಮುಂದೆ ಅವನ ಚಿತ್ರಗಳಲ್ಲಿ ಕ್ಯಾಮೆರಾ ದೂರದಲ್ಲಿ ನಿಂತು ಇಡೀ ಬೀದಿಯನ್ನು ಒಂದೇ ನೋಟದಲ್ಲಿ ತೋರಿಸುವುದಕ್ಕೆ ಈ ಚೌಕಟ್ಟಿನ ಕಸುಬೇ ಕಾರಣವೆಂದು ಅನೇಕರು ಬರೆದಿದ್ದಾರೆ. ಇಷ್ಟು ಸಲೀಸಾದ ಕಾರಣಗಳನ್ನು ನಾನು ಪೂರ್ತಿ ನಂಬಲಾರೆ. ಚೌಕಟ್ಟು ಕಟ್ಟಿದವರೆಲ್ಲ ಚಿತ್ರ ಮಾಡಿದವರಲ್ಲ. ಗುಂಜಿಯಷ್ಟೂ ವ್ಯತ್ಯಾಸವಾಗದಂತೆ ಅಳತೆ ಹಿಡಿಯುವ ತಾಳ್ಮೆ ಆ ಅಂಗಡಿಯಿಂದ ಬಂದಿರಬಹುದು, ಅಷ್ಟನ್ನು ಒಪ್ಪುತ್ತೇನೆ.

ನನ್ನ ದೃಷ್ಟಿಯಲ್ಲಿ ಅವನ ನಿಜವಾದ ಶಾಲೆ ರಗ್ಬಿ ಮೈದಾನ. ಕಸುಬಿನ ತರಬೇತಿಗೆಂದು ಲಂಡನ್ನಿಗೆ ಹೋದಾಗ ಅಲ್ಲಿ ರಗ್ಬಿ ಆಡಲು ಕಲಿತ, ಪ್ಯಾರಿಸ್ಸಿಗೆ ಮರಳಿ ರೇಸಿಂಗ್ ಕ್ಲಬ್ಬಿನ ತಂಡವೊಂದನ್ನು ಸೇರಿದ. ಆರಡಿ ಮೀರಿದ ಆಳು. ಪಂದ್ಯ ಮುಗಿದ ಮೇಲೆ ಊಟದ ಮೇಜಿನಲ್ಲಿ ಅಂದಿನ ಆಟವನ್ನೆಲ್ಲ ಮತ್ತೆ ಆಡಿ ತೋರಿಸುತ್ತಿದ್ದ: ಬಿದ್ದವನು, ಬೀಳಿಸಿದವನು, ತೀರ್ಪುಗಾರ ಎಲ್ಲ ಅವನೊಬ್ಬನೇ. ಆ ತಂಡದಲ್ಲಿ ಆಲ್ಫ್ರೆಡ್ ಸೋವಿಯೂ ಇದ್ದ. ಮುಂದೆ ಹೆಸರಾಂತ ಜನಸಂಖ್ಯಾಶಾಸ್ತ್ರಜ್ಞನಾಗಿ 1952ರಲ್ಲಿ ‘ತೃತೀಯ ಜಗತ್ತು’ ಎಂಬ ಮಾತನ್ನು ಚಲಾವಣೆಗೆ ತಂದ ಸೋವಿ ಇವನೇ. ಕ್ಲಬ್ಬಿನ ಹವ್ಯಾಸಿ ಪ್ರಹಸನಗಳನ್ನು ಆತ ಆಡಿಸುತ್ತಿದ್ದ, ತಾತಿ ಮೊದಲು ರಂಗವೇರಿದ್ದು ಅವುಗಳಲ್ಲೇ. 1930ರ ದಶಕದ ಆರಂಭದಲ್ಲಿ, ಲೋಕವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿದ್ದಾಗ, ಮನೆಯ ಕಸುಬನ್ನು ಬಿಟ್ಟು ಹಾಸ್ಯವನ್ನೇ ಹೊಟ್ಟೆಪಾಡು ಮಾಡಿಕೊಳ್ಳುತ್ತೇನೆಂದು ಹೊರಟ. ತಂದೆಗೆ ಇದು ಹಿಡಿಸಲಿಲ್ಲ. ಮುಂದಿನ ಕೆಲವು ವರ್ಷ ಬಡತನದಲ್ಲೇ ಹೋದವು.

ಆ ವರ್ಷಗಳಲ್ಲಿ ಅವನು ಕಟ್ಟಿಕೊಂಡ ಪ್ರದರ್ಶನದಲ್ಲಿ ಟೆನ್ನಿಸ್ ಆಟಗಾರ, ಫುಟ್‌ಬಾಲಿನ ಗೋಲಿ, ಮುಷ್ಟಿಯುದ್ಧದವನು, ಗಾಳ ಹಾಕುವವನು, ಕುದುರೆ ಸವಾರ ಇವರೆಲ್ಲ ಬರುತ್ತಿದ್ದರು. ಚೆಂಡಿಲ್ಲ, ಗಾಳವಿಲ್ಲ, ಕುದುರೆಯೂ ಇಲ್ಲ. ಲೇಖಕಿ ಕೊಲೆಟ್ 1936ರಲ್ಲಿ ಇದನ್ನು ನೋಡಿ, ಈತ ಒಂದೇ ದೇಹದಲ್ಲಿ ಆಟಗಾರನೂ ಚೆಂಡೂ ಆಗುತ್ತಾನೆ, ಕುದುರೆಯೂ ಸವಾರನೂ ಆಗುತ್ತಾನೆ ಎಂಬರ್ಥದಲ್ಲಿ ಮನಸಾರೆ ಹೊಗಳಿ ಬರೆದಳು. ಬರ್ಲಿನ್ನಿನ ದೊಡ್ಡ ರಂಗಮಂದಿರದವರೆಗೂ ಅವನ ಹೆಸರು ಹೋಯಿತು.

ಅದೇ ದಶಕದಲ್ಲಿ ಅವನು ಸಿನಿಮಾಕ್ಕೂ ಕೈ ಹಾಕಿದ್ದ. 1932ರಲ್ಲಿ ಟೆನ್ನಿಸ್ ಆಟಗಾರನ ಕಿರುಚಿತ್ರ, 1934ರಲ್ಲಿ ಕುಸ್ತಿಯ ಕಥೆ, 1935ರಲ್ಲಿ ಸರ್ಕಸ್ಸಿನ ವಿದೂಷಕ ರಮ್ ಜೊತೆಗೊಂದು ರಜಾದಿನದ ಕಥೆ, 1936ರಲ್ಲಿ ರೆನೆ ಕ್ಲೆಮಾ ನಿರ್ದೇಶಿಸಿದ ‘ಸ್ವಾಞ್ ತೊ ಗೋಶ್’. ಈ ಕೊನೆಯದರಲ್ಲಿ ತಾತಿ ಒಬ್ಬ ಹಳ್ಳಿಯ ಆಳು. ಪುಸ್ತಕ ನೋಡಿಕೊಂಡು ಮುಷ್ಟಿಯುದ್ಧ ಕಲಿಯಲು ಹೊರಡುತ್ತಾನೆ. ಇವುಗಳಲ್ಲಿ ನಗು ಬರುತ್ತದೆ, ಆದರೆ ತಾತಿ ಕಾಣಿಸಿಕೊಂಡಾಗ ಮಾತ್ರ ಬರುತ್ತದೆ. ಅವನು ಬದಿಗೆ ಸರಿದರೆ ಚಿತ್ರ ಮಲಗಿಬಿಡುತ್ತದೆ. ಆಗ ಅವನಿಗೆ ಗೊತ್ತಿಲ್ಲದಿದ್ದದ್ದು 1947ರಲ್ಲಿ ‘ಜೂರ್ ದ ಫೆತ್’ ತೆಗೆಯುವ ಹೊತ್ತಿಗೆ ಹೇಗೆ ಗೊತ್ತಾಯಿತು? ನಮ್ಮ ಚರ್ಚೆ ಈ ಪ್ರಶ್ನೆಯ ಮೇಲೆ ನಡೆಯಲಿ ಎಂದು ಕೋರುತ್ತೇನೆ.

ಕುಮಟಾ ಸ್ಟುಡಿಯೊ

ಮಾಸ್ತರರೇ, ಪ್ರಶ್ನೆ ಒಳ್ಳೆಯದಿದೆ. ಆ ಚಿತ್ರದ ಬಣ್ಣದ ವಿಷಯ ಬಂದಾಗ ನಾನೂ ಬರೆಯುತ್ತೇನೆ. ಆ ಭಾಗವನ್ನು ನನಗೆ ಬಿಡಿ.

ಕರ್ಕಿ ಕಡೆಯವ

ಮಾಸ್ತರರ ವಾದದಲ್ಲಿ ನಟನ ಕಲೆಗೆ ಅನ್ಯಾಯವಾಗಿದೆ ಎಂದು ನನಗನ್ನಿಸುತ್ತದೆ. ನಾನು ಹೊನ್ನಾವರ ತಾಲೂಕಿನವನು; ಮನೆತನಕ್ಕೇ ಹಾಸ್ಯಗಾರರೆಂಬ ಹೆಸರು ಬಂದು, ಆ ಹೆಸರಿನಲ್ಲೇ ಯಕ್ಷಗಾನದ ಮೇಳ ಕಟ್ಟಿದ ಕರ್ಕಿ ನಮ್ಮ ಕಡೆಯದು. ಹಾಸ್ಯಗಾರನೆಂದರೆ ತಾನೊಬ್ಬನೇ ನಗಿಸಿ ಚೌಕಿಗೆ ಹೋಗುವವನು ಎಂದು ಆಟ ನೋಡಿ ಬಲ್ಲ ಯಾರೂ ಹೇಳುವುದಿಲ್ಲ. ಒಂದೇ ರಾತ್ರಿಯಲ್ಲಿ ಅವನು ದೂತನಾಗುತ್ತಾನೆ, ಪುರೋಹಿತನಾಗುತ್ತಾನೆ, ಬೆಳಗಿನ ಜಾವಕ್ಕೆ ಮುದುಕಿಯಾಗಿ ಬರುತ್ತಾನೆ. ರಾಜವೇಷದವನು ತನ್ನ ಪದ್ಯ, ತನ್ನ ಅರ್ಥ ನೋಡಿಕೊಂಡರೂ ನಡೆದೀತು, ಹಾಸ್ಯಗಾರನಿಗೆ ಹಾಗಲ್ಲ. ಪ್ರಸಂಗದ ಪೂರ್ತಿ ನಡೆ ಗೊತ್ತಿದ್ದವನಿಗೆ ಮಾತ್ರ ಎಲ್ಲಿ ಬಾಯಿ ಹಾಕಬೇಕು, ಎಲ್ಲಿ ಸುಮ್ಮನೆ ನಿಂತು ಎದುರು ವೇಷಕ್ಕೆ ಜಾಗ ಬಿಡಬೇಕು ಎಂಬುದು ತಿಳಿಯುತ್ತದೆ. ದೂತ ಸರಿಯಾಗಿ ಹೆದರಿದರೆ ರಕ್ಕಸನ ಗತ್ತು ಏರುತ್ತದೆ. ಹೀಗೆ ಬೇರೆಯವರ ವೇಷವನ್ನು ಎತ್ತಿಕೊಡುವುದು ಹಾಸ್ಯಗಾರನ ಕಸುಬಿನೊಳಗೇ ಇದೆ, ಅದಕ್ಕಾಗಿ ಅವನು ನಿರ್ದೇಶಕನಾಗುವ ತನಕ ಕಾಯಬೇಕಾಗಿಲ್ಲ.

ತಾತಿಯ ಕುದುರೆ ಸವಾರನನ್ನೇ ನೋಡಿ; ಅವನೇ ಮುಂದೆ ಅಭಿನಯಿಸಿದ ದೃಶ್ಯ ಇಂದಿಗೂ ನೋಡಲು ಸಿಗುತ್ತದೆ. ಸೊಂಟದಿಂದ ಮೇಲೆ ಅವನು ಸವಾರ: ಬೆನ್ನು ನೇರ, ಲಗಾಮು ಹಿಡಿದ ಕೈ ಸ್ಥಿರ, ಮುಖದಲ್ಲಿ ದೊಡ್ಡಸ್ತಿಕೆ. ಸೊಂಟದಿಂದ ಕೆಳಗೆ ಮಾತ್ರ ಮಾತು ಕೇಳದ ಕುದುರೆ. ಕಾಲು ಒಂದು ಕಡೆಗೆ ಎಳೆಯುತ್ತದೆ, ಸವಾರ ಅದು ತನ್ನ ಇಚ್ಛೆಯೇ ಎಂಬಂತೆ ಮುಖ ಮಾಡುತ್ತಾನೆ. ಎರಡು ಜೀವಗಳ ಜಗಳ ಒಂದೇ ಮೈಯಲ್ಲಿ ನಡೆಯುತ್ತದೆ, ನಗು ಆ ಎರಡರ ನಡುವೆ ಹುಟ್ಟುತ್ತದೆ. ಅಂದರೆ ಒಬ್ಬನೇ ನಿಂತಾಗಲೂ ತಾತಿ ಒಬ್ಬನಾಗಿರಲಿಲ್ಲ. ಅವನು 1930ರ ದಶಕದಲ್ಲೇ ನಿರ್ದೇಶಕನಾಗಿದ್ದ, ಕೈಯಲ್ಲಿ ಕ್ಯಾಮೆರಾ ಇರಲಿಲ್ಲ ಅಷ್ಟೆ.

ಸಿರ್ಸಿ ಮಾಸ್ತರ

ನೀವು ಹೇಳಿದ ಕುದುರೆ ಸವಾರನ ವಿವರಣೆ ನನ್ನ ಭಾಷಣಕ್ಕೆ ಬೇಕೇ ಬೇಕು. ಬಳಸಿಕೊಳ್ಳಲು ಒಪ್ಪಿಗೆ ಕೊಡಿ. ಆದರೆ ಒಂದು ವ್ಯತ್ಯಾಸ ಉಳಿಯುತ್ತದೆ. ಹಾಸ್ಯಗಾರನ ಎದುರಿಗೆ ನಿಜವಾದ ರಾಜವೇಷ ನಿಂತಿರುತ್ತದೆ, ಹಿಂದೆ ಭಾಗವತರು ಕುಳಿತಿರುತ್ತಾರೆ. ತಾತಿಯ ಎದುರಿಗೆ ಯಾರೂ ಇರಲಿಲ್ಲ, ಎದುರಾಳಿಯೂ ಅವನ ಮೈಯೊಳಗೇ ಇದ್ದ. ತನ್ನ ಮೈಯನ್ನು ಎರಡಾಗಿ ಮಾಡಿಕೊಳ್ಳುವುದು ಬೇರೆ. ಅಭಿನಯವನ್ನೇ ಕಾಣದ ರೈತನೊಬ್ಬ ತನ್ನ ಗದ್ದೆಯಲ್ಲಿ ನಿಂತು ಜನರನ್ನು ನಗಿಸುವಂತೆ ಮಾಡುವುದು ಬೇರೆ. ಅದಕ್ಕೆ ಊರು ಬೇಕಾಯಿತು, ಆ ಊರು ಅವನಿಗೆ ಸಿಕ್ಕಿದ್ದು ಯುದ್ಧದ ದೆಸೆಯಿಂದ.

1939ರಲ್ಲಿ ಅವನನ್ನು ಮರಳಿ ಸೈನ್ಯಕ್ಕೆ ಕರೆದರು; ಹಿಂದೆ ಅಶ್ವದಳದಲ್ಲಿ ಸೇವೆ ಮಾಡಿದ್ದವನು ಅವನು. 1940ರಲ್ಲಿ ಫ್ರಾನ್ಸ್ ಸೋತ ಮೇಲೆ ಪ್ಯಾರಿಸ್ಸಿನ ಲಿಡೊ ಎಂಬ ನೃತ್ಯ-ಮನರಂಜನೆಯ ತಾಣದಲ್ಲಿ ಮತ್ತೆ ಪ್ರದರ್ಶನ ಕೊಟ್ಟ. 1943ರ ಹೊತ್ತಿಗೆ ಫ್ರೆಂಚ್ ಗಂಡಸರನ್ನು ಜರ್ಮನಿಯ ಕಾರ್ಖಾನೆಗಳಿಗೆ ಕಡ್ಡಾಯ ದುಡಿಮೆಗೆ ಸಾಗಿಸುತ್ತಿದ್ದರು. ಆ ಕಾಲದಲ್ಲಿ ಗೆಳೆಯ ಆಂರಿ ಮಾರ್ಕೆಯೊಂದಿಗೆ ದೇಶದ ನಡುಭಾಗದ ಸಾಂತ್ ಸೆವೇರ್ ಎಂಬ ಊರಿನ ಬಳಿ ಬಂದು ಉಳಿದ. ನಡುವೆ ಒಂದು ಚೌಕ, ಸುತ್ತ ಹತ್ತಾರು ಅಂಗಡಿ, ಒಂದು ಇಗರ್ಜಿ, ಆಚೆ ಹುಲ್ಲುಗಾವಲು. ಹೊರಗಿನಿಂದ ಬಂದವನು ಮಾಡಲು ಕೆಲಸವಿಲ್ಲದೆ ಊರನ್ನು ನೋಡುತ್ತ ಕೂತಾಗ ಜನ ಹೇಗೆ ನಡೆಯುತ್ತಾರೆ, ಹೇಗೆ ನಿಲ್ಲುತ್ತಾರೆ, ಕೈಯನ್ನು ಎಲ್ಲಿ ಇಟ್ಟುಕೊಳ್ಳುತ್ತಾರೆ ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಯುದ್ಧ ಮುಗಿದ ಮೇಲೆ ಅವನು ಚಿತ್ರ ತೆಗೆಯಲು ಮರಳಿ ಹೋದದ್ದೂ ಅದೇ ಊರಿಗೆ.

ಅಂಕೋಲೆಯ ಟಪಾಲು

ನಾನು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಸಿನಿಮಾ ಶಾಸ್ತ್ರ ನನಗೆ ತಿಳಿಯದು, ಆದರೆ ತಾತಿ ತನ್ನ ಮೊದಲ ಚಿತ್ರಗಳಿಗೆ ಟಪಾಲಿನವನನ್ನೇ ಏಕೆ ಆರಿಸಿಕೊಂಡ ಎಂಬ ಬಗ್ಗೆ ಹೇಳುವುದಿದೆ.

ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಎರಡೂ ಚಿತ್ರಗಳನ್ನು ತೋರಿಸಿದಳು. ಮೊದಲನೆಯದು ಸುಮಾರು ಕಾಲು ಗಂಟೆಯ ‘ಲೆಕೋಲ್ ದೆ ಫಾಕ್ತರ್’, ಅಂದರೆ ಟಪಾಲಿನವರ ಶಾಲೆ. ಅದರ ಆರಂಭದಲ್ಲಿ ಪೋಸ್ಟಮಾಸ್ತರನೊಬ್ಬ ಮೂವರು ಟಪಾಲಿನವರನ್ನು ಸಾಲಾಗಿ ನಿಲ್ಲಿಸಿಕೊಂಡು ಸೈಕಲ್ ಹತ್ತುವುದು, ಇಳಿಯುವುದು, ಚೀಲದಿಂದ ಪತ್ರ ತೆಗೆಯುವುದು ಇವನ್ನೆಲ್ಲ ಕವಾಯತಿನಂತೆ ಮಾಡಿಸುತ್ತಾನೆ. ವಿಮಾನ ಹೊರಡುವ ಹೊತ್ತಿಗೆ ಟಪಾಲು ತಲುಪಬೇಕು, ಅದಕ್ಕಾಗಿ ಪ್ರತಿಯೊಂದು ಚಲನೆಯಲ್ಲೂ ಸಮಯ ಉಳಿಸಬೇಕು. ನಂತರದ ದೊಡ್ಡ ಚಿತ್ರ ‘ಜೂರ್ ದ ಫೆತ್’ನಲ್ಲಿ ತಾತಿಯೇ ಆಡುವ ಅದೇ ಟಪಾಲಿನವ ಫ್ರಾಂಸ್ವಾ ಎಂಬ ಹೆಸರು ಹೊತ್ತು ಬರುತ್ತಾನೆ. ಊರಿಗೆ ಜಾತ್ರೆ ಬಂದಿದೆ. ಜಾತ್ರೆಯ ಡೇರೆಯಲ್ಲಿ ಅಮೆರಿಕದ ಅಂಚೆ ಸೇವೆಯ ಬಗ್ಗೆ ಸಿನಿಮಾ ತೋರಿಸುತ್ತಾರೆ. ಅಲ್ಲಿ ವಿಮಾನ, ಹೆಲಿಕಾಪ್ಟರು. ಊರವರು ಫ್ರಾಂಸ್ವಾನನ್ನು ಛೇಡಿಸುತ್ತಾರೆ. ಮಾರನೆಯ ದಿನ ಅವನು ಅಮೆರಿಕದ ವೇಗದಲ್ಲಿ ಟಪಾಲು ಹಂಚಲು ಹೊರಡುತ್ತಾನೆ. ಓಡುತ್ತಿರುವ ಲಾರಿಯ ಹಿಂಬದಿಯ ಹಲಗೆಯನ್ನೇ ಮೇಜು ಮಾಡಿಕೊಂಡು, ಸೈಕಲ್ ತುಳಿಯುತ್ತಲೇ ಪತ್ರಗಳಿಗೆ ಮೊಹರು ಹೊಡೆಯುತ್ತಾನೆ. ಕಟುಕನ ಮರದ ದಿಮ್ಮಿಯ ಮೇಲೆ ಪಾರ್ಸಲ್ ಎಸೆದು ಹೋಗುತ್ತಾನೆ, ಕಟುಕ ತಲೆಯೆತ್ತದೆ ಮಾಂಸದ ಜೊತೆಗೆ ಅದನ್ನೂ ಕಡಿದುಬಿಡುತ್ತಾನೆ. ಒಳಗಿದ್ದದ್ದು ಹೊಸ ಬೂಟು.

ಊರಿನ ಪ್ರತಿ ಮನೆಯ ಅಂಗಳಕ್ಕೂ ಕಾಲಿಡುವ ಹಕ್ಕು ಇರುವುದು ಟಪಾಲಿನವನೊಬ್ಬನಿಗೇ. ನಮ್ಮ ಜಿಲ್ಲೆಯ ಘಟ್ಟದ ಕಡೆಯ ಕೇರಿಗಳಲ್ಲಿ ಒಂದು ಮನೆ ತೋಟದ ಈ ತಲೆಗಿದ್ದರೆ ಮತ್ತೊಂದು ಹಳ್ಳ ದಾಟಿ ಗುಡ್ಡದ ಆಚೆಗೆ. ಮಳೆಗಾಲದಲ್ಲಿ ಸಂಕದ ಮೇಲೆ ಚೀಲವನ್ನು ಎದೆಗವುಚಿ ದಾಟಬೇಕು. ಮನೆ ತಲುಪಿದರೆ ಪತ್ರ ಕೊಟ್ಟು ತಿರುಗಿ ಬರುವಂತಿಲ್ಲ. “ಆಸರಿಗೆ ಎಂತ ಬೇಕು?” ಎಂದು ಕೇಳುತ್ತಾರೆ, ಕಷಾಯವೋ ಮಜ್ಜಿಗೆಯೋ ಕುಡಿಯಬೇಕು, ಅಜ್ಜಿಗೆ ಮಗನ ಪತ್ರ ಓದಿ ಹೇಳಬೇಕು, ಮನಿಯಾರ್ಡರಿಗೆ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಇಡೀ ಊರನ್ನು ತೋರಿಸಲು ಹೊರಟ ನಿರ್ದೇಶಕನಿಗೆ ಇವನಿಗಿಂತ ಒಳ್ಳೆಯ ನೆಪ ಸಿಗದು. ಫ್ರಾಂಸ್ವಾ ಮೊದಲರ್ಧದಲ್ಲಿ ಹೀಗೆಯೇ ಇದ್ದಾನೆ. ದಾರಿಯಲ್ಲಿ ಯಾರು ಕರೆದರೂ ಸೈಕಲ್ ನಿಲ್ಲಿಸಿ ಅವರ ಕೆಲಸಕ್ಕೆ ಕೈ ಕೊಡುತ್ತಾನೆ, ಚೌಕದಲ್ಲಿ ಧ್ವಜದ ಕಂಬ ನಿಲ್ಲಿಸಲು ಹೆಣಗುತ್ತಾನೆ. ವೇಗ ಹಿಡಿದ ಮೇಲೆ ಪತ್ರಗಳು ತಲುಪುತ್ತವೆ, ಮಾತುಕತೆ ಕಡಿದುಹೋಗುತ್ತದೆ. ಗಡಿಯಾರ ನೋಡಿಕೊಂಡು ಮನೆಯ ಲೆಕ್ಕ ಕೊಡಬೇಕಾದ ಕಾಲ ನಮಗೂ ಬಂತು. ಹಾಗಾಗಿ ಆ ಭಾಗವನ್ನು ನೋಡುವಾಗ ನಾನು ನಕ್ಕಿದ್ದು ಕಡಿಮೆ.

ಸಿರ್ಸಿ ಮಾಸ್ತರ

ಇದನ್ನು ನೀವೇ ಬಂದು ಮಕ್ಕಳಿಗೆ ಹೇಳಬೇಕು. ಬಸ್ಸಿನ ವ್ಯವಸ್ಥೆ ನಾವು ಮಾಡುತ್ತೇವೆ.

ನಿಮ್ಮ ಮಾತಿಗೆ ಎರಡು ಸಂಗತಿಗಳನ್ನು ಸೇರಿಸುತ್ತೇನೆ. 1936ರ ಆ ಮುಷ್ಟಿಯುದ್ಧದ ಕಿರುಚಿತ್ರದಲ್ಲೂ ಸೈಕಲ್ ಮೇಲೆ ಟಪಾಲಿನವನೊಬ್ಬ ಬರುತ್ತಾನೆ, ಆದರೆ ಆ ಪಾತ್ರ ತಾತಿಯದಲ್ಲ. ಹತ್ತು ವರ್ಷಗಳ ನಂತರ ಅದೇ ಮೂಲೆಯ ಪಾತ್ರವನ್ನು ಅವನು ನಡುವಿಗೆ ತಂದುಕೊಂಡ. ಇನ್ನೊಂದು, ‘ಲೆಕೋಲ್ ದೆ ಫಾಕ್ತರ್’ ಅನ್ನು ನಿರ್ದೇಶಿಸಬೇಕಾಗಿದ್ದವನು ರೆನೆ ಕ್ಲೆಮಾ. ಅವನು ರೈಲ್ವೆ ನೌಕರರ ಪ್ರತಿರೋಧದ ಕುರಿತ ತನ್ನ ದೊಡ್ಡ ಚಿತ್ರದಲ್ಲಿ ಮುಳುಗಿದ್ದರಿಂದ ತಾತಿ ತಾನೇ ನಿರ್ದೇಶನಕ್ಕೆ ನಿಂತ. ನಿರ್ಮಾಪಕ ಫ್ರೆಡ್ ಒರೇ ಜೊತೆ ಸೇರಿ ಕಟ್ಟಿದ ಸಣ್ಣ ಸಂಸ್ಥೆ ಬೆನ್ನಿಗಿತ್ತು. ಆಗ ಅವನಿಗೆ ನಲವತ್ತು ಹತ್ತಿರ ಬಂದಿತ್ತು. ಅದಕ್ಕೂ ಸ್ವಲ್ಪ ಮೊದಲು, 1946ರಲ್ಲಿ ತೆರೆಕಂಡ ಕ್ಲೋದ್ ಓತಾಂ ಲಾರಾನ ಚಿತ್ರವೊಂದರಲ್ಲಿ ಅವನು ಮಾತಿಲ್ಲದ ದೆವ್ವವಾಗಿ ನಟಿಸಿದ್ದ.

ಕುಮಟಾ ಸ್ಟುಡಿಯೊ

ಈಗ ಬಣ್ಣದ ಕಥೆ. ಫಿಲ್ಮ್ ಕಾಲದಲ್ಲಿ ಕತ್ತಲೆ ಕೋಣೆಯಲ್ಲಿ ದುಡಿದವನಾದ್ದರಿಂದ ಇದನ್ನು ಸ್ವಲ್ಪ ವಿಸ್ತರಿಸಿಯೇ ಬರೆಯುತ್ತೇನೆ.

‘ಜೂರ್ ದ ಫೆತ್’ 1947ರ ಬೇಸಿಗೆಯಲ್ಲಿ ಚಿತ್ರೀಕರಣವಾಯಿತು. ಫ್ರಾನ್ಸಿನದೇ ಹೊಸ ವಿಧಾನವಾದ ಥಾಮ್ಸನ್‌ಕಲರ್‌ನಲ್ಲಿ ಅದನ್ನು ಬಣ್ಣದ ಚಿತ್ರವಾಗಿ ತೆಗೆಯಬೇಕೆಂದು ತಾತಿ ಹೊರಟಿದ್ದ. ಆ ವಿಧಾನದಲ್ಲಿ ಫಿಲ್ಮಿನೊಳಗೆ ಬಣ್ಣವೇ ಇರುವುದಿಲ್ಲ. ಫಿಲ್ಮಿನ ಬೆನ್ನಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮಸೂರಗಳನ್ನು ಸಾಲಾಗಿ ಅಚ್ಚೊತ್ತಿರುತ್ತಾರೆ, ಕ್ಯಾಮೆರಾದ ಮುಂದೆ ಮೂರು ಬಣ್ಣಗಳ ಸೋಸುಗಾಜು ಇರುತ್ತದೆ. ಒಳಬಂದ ಬೆಳಕು ಬಣ್ಣಕ್ಕೊಂದರಂತೆ ಬೇರೆಬೇರೆ ಸೂಕ್ಷ್ಮ ಗೆರೆಗಳಾಗಿ ಕಪ್ಪು-ಬಿಳುಪಿನಲ್ಲೇ ದಾಖಲಾಗುತ್ತದೆ. ತೋರಿಸುವಾಗ ಅದೇ ಬಗೆಯ ಸೋಸುಗಾಜಿನ ಮೂಲಕ ಬೆಳಕು ಹಾಯಿಸಿದರೆ ತೆರೆಯ ಮೇಲೆ ಬಣ್ಣ ಕೂಡಿಕೊಳ್ಳುತ್ತದೆ. ತತ್ವ ಚೆನ್ನಾಗಿದೆ. ತೊಡಕು ಬಂದದ್ದು ಪ್ರತಿ ತೆಗೆಯುವಲ್ಲಿ: ಅಷ್ಟು ಸೂಕ್ಷ್ಮವಾದ ಗೆರೆಗಳನ್ನು ಒಂದು ಫಿಲ್ಮಿನಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ ಇಳಿಸಲು ಕಂಪನಿಗೆ ಸಾಧ್ಯವಾಗಲಿಲ್ಲ. ಚಿತ್ರಮಂದಿರಗಳಿಗೆ ಕಳಿಸಲು ಪ್ರತಿಗಳೇ ಇಲ್ಲ ಎಂದಾಯಿತು.

ಮುಂಜಾಗ್ರತೆಯಾಗಿ ಪಕ್ಕದಲ್ಲೇ ಸಾಮಾನ್ಯ ಕಪ್ಪು-ಬಿಳುಪು ಕ್ಯಾಮೆರಾ ಇಟ್ಟು ಪ್ರತಿ ದೃಶ್ಯವನ್ನೂ ಅದರಲ್ಲಿಯೂ ಹಿಡಿದಿದ್ದರು. 1949ರಲ್ಲಿ ಬಿಡುಗಡೆಯಾದದ್ದು ಅದು. ಆ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಚಿತ್ರಕಥೆಗೆ ಪ್ರಶಸ್ತಿಯೂ ಬಂತು. ಆದರೆ ತಾತಿ ಕಳೆದುಕೊಂಡದ್ದು ದೊಡ್ಡದು. ಊರಿನ ಬಾಗಿಲುಗಳಿಗೆ ಮಂಕು ಬಣ್ಣ ಬಳಿಸಿದ್ದ, ಊರವರಿಗೆ ಕಪ್ಪು, ಬೂದು ಬಟ್ಟೆ ತೊಡಿಸಿದ್ದ. ಜಾತ್ರೆಯ ಗಾಡಿ ಬಂದಾಗ ಅದರ ಮರದ ಕುದುರೆಗಳ ಜೊತೆಗೇ ಬಣ್ಣವೂ ಊರೊಳಗೆ ಬರಬೇಕು, ಜಾತ್ರೆಯವರು ಹೊರಟಾಗ ಅದೂ ಹೊರಟುಹೋಗಬೇಕು, ಇದು ಅವನ ಯೋಜನೆ. ಕಪ್ಪು-ಬಿಳುಪಿನಲ್ಲಿ ಇದೆಲ್ಲ ಅಳಿಸಿಹೋಯಿತು. 1964ರಲ್ಲಿ ಕೆಲವು ವಸ್ತುಗಳಿಗೆ ಮಾತ್ರ ಬಣ್ಣ ಹಚ್ಚಿಸಿ, ಹೊಸದಾಗಿ ಒಬ್ಬ ಚಿತ್ರಕಾರನ ಪಾತ್ರವನ್ನು ಸೇರಿಸಿ ಮತ್ತೆ ಬಿಡುಗಡೆ ಮಾಡಿದ. ಅಸಲಿ ಬಣ್ಣ ಹೊರಬಂದದ್ದು 1995ರಲ್ಲಿ, ಅವನು ತೀರಿಕೊಂಡು ಹದಿಮೂರು ವರ್ಷಗಳ ನಂತರ. ಮಗಳು ಸೋಫಿ ಮತ್ತು ಛಾಯಾಗ್ರಾಹಕ ಫ್ರಾಂಸ್ವಾ ಎದ್ ಸೇರಿ ಹಳೆಯ ಫಿಲ್ಮಿನಿಂದ ಅದನ್ನು ಬಿಡಿಸಿ ತೆಗೆದರು. ನಮ್ಮ ಕರಾವಳಿಯ ಒಂದು ಮಳೆಗಾಲ ಕಳೆಯುವುದರೊಳಗೆ ನೆಗೆಟಿವ್ ಮೇಲೆ ಬೂಸು ಹಿಡಿದು ಮುಖಗಳೇ ಮಾಸಿಹೋಗುವುದನ್ನು ನಾನು ಕಂಡಿದ್ದೇನೆ. ಅರ್ಧ ಶತಮಾನದ ಹತ್ತಿರದಷ್ಟು ಕಾಲ ಆ ಸುರುಳಿಗಳು ಉಳಿದುಕೊಂಡದ್ದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಮಾಸ್ತರರೇ, ನಿಮ್ಮ ವಾದಕ್ಕೂ ಇದರಿಂದ ಬಲ ಬರುತ್ತದೆ. ಬರೀ ತನ್ನ ಮುಖ ತೋರಿಸಬೇಕೆಂದಿರುವ ನಟ ಊರಿನ ಬಾಗಿಲಿಗೆ ಯಾವ ಬಣ್ಣ ಇರಬೇಕೆಂದು ತಲೆಕೆಡಿಸಿಕೊಳ್ಳುವುದಿಲ್ಲ. ಸಿರ್ಸಿಯಲ್ಲಿ 1995ರ ಬಣ್ಣದ ಪ್ರತಿಯನ್ನೇ ತೋರಿಸಿ.

ಕಾರವಾರದ ಓದುಗಿ

ಇಲ್ಲಿ ಎಲ್ಲರೂ ಪ್ರೀತಿಯಿಂದ ಬರೆಯುತ್ತಿದ್ದೀರಿ, ನಾನೂ ಆ ಚಿತ್ರಗಳನ್ನು ಪ್ರೀತಿಸುವವಳೇ. ಆದರೆ ಆರಂಭದ ಬದುಕಿನ ಬಗ್ಗೆ ಮಾತಾಡುವಾಗ ಒಂದು ವಿಷಯವನ್ನು ಬಿಟ್ಟು ಮುಂದೆ ಹೋಗಬಾರದು. ಮಾಸ್ತರರು ಲಿಡೊವನ್ನು ಒಂದೇ ವಾಕ್ಯದಲ್ಲಿ ದಾಟಿದ್ದಾರೆ. ಅಲ್ಲಿ ನರ್ತಕಿಯಾಗಿದ್ದ ಆಸ್ಟ್ರಿಯಾದ ಯುವತಿಯೊಬ್ಬಳಿಂದ ಯುದ್ಧದ ನಡುವೆಯೇ ತಾತಿಗೆ ಒಬ್ಬ ಮಗಳು ಹುಟ್ಟಿದಳು. ಅವನು ಆ ಮಗುವನ್ನು ತನ್ನದೆಂದು ಒಪ್ಪಿಕೊಳ್ಳಲಿಲ್ಲ, ಜೊತೆಯ ಕಲಾವಿದರ ಕಣ್ಣಲ್ಲಿ ಸಣ್ಣವನಾದ, ಲಿಡೊ ಬಿಟ್ಟ. 2010ರಲ್ಲಿ, ಅವನು ಬರೆದಿಟ್ಟಿದ್ದ ಕಥೆಯೊಂದನ್ನು ಆಧರಿಸಿದ ಅನಿಮೇಷನ್ ಚಿತ್ರ ಬಂದಾಗ, ಆ ಮಗಳ ಕುಟುಂಬದವರು ಬಹಿರಂಗವಾಗಿ ತಮ್ಮ ನೋವನ್ನು ಹೇಳಿಕೊಂಡರು. ವಯಸ್ಸಾದ ಮಾಯಾಗಾರನೊಬ್ಬ ಅನಾಥಳಂತಿರುವ ಹುಡುಗಿಯೊಬ್ಬಳಿಗೆ ತಂದೆಯಂತಾಗುವ ಕಥೆ ಅದು.

ಸಾಂತ್ ಸೆವೇರ್‌ಗೆ ಹೋದದ್ದಕ್ಕೆ ಯುದ್ಧವೊಂದೇ ಕಾರಣ ಎಂಬಂತೆ ಬರೆದರೆ ಆ ಮಹಿಳೆ, ಆ ಮಗು ಮತ್ತೊಮ್ಮೆ ಕಥೆಯಿಂದ ಹೊರಗುಳಿಯುತ್ತಾರೆ. ಮಕ್ಕಳ ಮುಂದೆ ಇದನ್ನು ಹೇಳಬೇಕೆಂದು ನಾನು ಒತ್ತಾಯಿಸುತ್ತಿಲ್ಲ. ಊರವರ ಮುಂದಿನ ಭಾಷಣದಲ್ಲಿ ಹೇಳಿ. ಇಡೀ ಊರಿಗೆ ಜಾಗ ಕೊಟ್ಟ ನಿರ್ದೇಶಕ ಎಂದು ನೀವು ಅವನನ್ನು ಕೊಂಡಾಡುತ್ತೀರಿ. ಅವನು ಜಾಗ ಕೊಡದೆ ಹೋದವರ ಹೆಸರಿಲ್ಲದ ಪಾಲೂ ಆ ಚರಿತ್ರೆಯಲ್ಲಿದೆ.

ಕರ್ಕಿ ಕಡೆಯವ

ಅಕ್ಕ, ನಿಮ್ಮ ಮಾತು ಸರಿ. ಕಲೆಯಿಂದ ಈ ತಪ್ಪು ತೊಳೆದುಹೋಗುವುದಿಲ್ಲ, ಈ ತಪ್ಪಿನಿಂದ ಕಲೆ ಸುಳ್ಳಾಗುವುದೂ ಇಲ್ಲ. ಎರಡನ್ನೂ ಹೇಳಬೇಕು.

ಸಿರ್ಸಿ ಮಾಸ್ತರ

ಹೇಳುತ್ತೇನೆ, ಭಾಷಣದಲ್ಲಿ ಲಿಡೊದ ಭಾಗವನ್ನು ಬಿಡಿಸಿ ಬರೆಯುತ್ತೇನೆ. 1944ರಲ್ಲಿ ಅವನು ಬೇರೊಬ್ಬರನ್ನು ಮದುವೆಯಾದದ್ದು, ಬಣ್ಣ ಉಳಿಸಿದ ಸೋಫಿ ಆ ಮದುವೆಯ ಮಗಳು ಎಂಬುದು ಕೂಡ ಅಲ್ಲೇ ಬರುತ್ತದೆ.

ಈಗ ನನ್ನ ವಾದದ ಮುಖ್ಯ ಸಾಕ್ಷಿಯನ್ನು ಮುಂದಿಡುತ್ತೇನೆ. ‘ಜೂರ್ ದ ಫೆತ್’ನಲ್ಲಿ ಒಂದು ಕಣಜದ ಹುಳುವಿನ ದೃಶ್ಯವಿದೆ. ರೈತನೊಬ್ಬ ಎತ್ತರದ ಹೊಲದಲ್ಲಿ, ನಮಗೆ ಹತ್ತಿರವಾಗಿ ನಿಂತಿದ್ದಾನೆ. ಕೆಳಗೆ ದೂರದ ರಸ್ತೆಯಲ್ಲಿ ಫ್ರಾಂಸ್ವಾ ಸೈಕಲ್ ಮೇಲೆ ಬರುತ್ತಿದ್ದಾನೆ, ಬೆರಳಿನಷ್ಟು ಸಣ್ಣದಾಗಿ ಕಾಣುತ್ತಾನೆ. ಗುಂಯ್‌ ಎಂಬ ಸದ್ದು ಕೇಳಿಸುತ್ತದೆ. ಫ್ರಾಂಸ್ವಾ ಇದ್ದಕ್ಕಿದ್ದಂತೆ ಎರಡೂ ಕೈ ಬೀಸಲು ತೊಡಗುತ್ತಾನೆ. ರೈತ ಅವನನ್ನು ನೋಡಿ, ಇವನಿಗೇನಾಯಿತು ಎಂಬಂತೆ ನಿಲ್ಲುತ್ತಾನೆ. ಸದ್ದು ಹತ್ತಿರ ಬರುತ್ತದೆ, ಈಗ ರೈತನೇ ಕೈ ಬೀಸಲಾರಂಭಿಸುತ್ತಾನೆ, ಫ್ರಾಂಸ್ವಾ ನೆಮ್ಮದಿಯಿಂದ ಪೆಡಲ್ ತುಳಿಯುತ್ತಾನೆ. ಸದ್ದು ದೂರವಾಗುತ್ತದೆ, ಮತ್ತೆ ಫ್ರಾಂಸ್ವಾನ ಸರದಿ. ಕಣಜ ತೆರೆಯ ಮೇಲೆ ಒಮ್ಮೆಯೂ ಕಾಣುವುದಿಲ್ಲ. 1936ರ ತಾತಿಯಾಗಿದ್ದರೆ ಇದನ್ನು ರಂಗದ ನಡುವೆ ನಿಂತು ಒಬ್ಬನೇ ಆಡಿ ಮುಗಿಸುತ್ತಿದ್ದ, ಜನ ಚಪ್ಪಾಳೆ ಹೊಡೆಯುತ್ತಿದ್ದರು. ಇಲ್ಲಿ ಅದೇ ಅಭಿನಯವನ್ನು ಅರ್ಧಕ್ಕೆ ತುಂಡು ಮಾಡಿ, ಹತ್ತಿರದ ಪಾಲನ್ನು ರೈತನಿಗೆ ಕೊಟ್ಟು, ದೂರದ ಸಣ್ಣ ಪಾಲನ್ನು ತಾನಿಟ್ಟುಕೊಂಡಿದ್ದಾನೆ. ಎರಡನ್ನೂ ಕೂಡಿಸುವುದು ಸದ್ದು. ನಿರ್ದೇಶಕ ಹುಟ್ಟಿದ್ದು ಈ ಹಂಚಿಕೆಯಲ್ಲಿ ಎಂದೇ ನಾನು ಹೇಳುವುದು.

ಆ ಚಿತ್ರದಲ್ಲಿ ನಟಿಸಿದವರಲ್ಲಿ ವೃತ್ತಿ ನಟರು ಕೆಲವರೇ. ಉಳಿದವರೆಲ್ಲ ಆ ಊರಿನವರು. ಬೆನ್ನು ಬಾಗಿದ ಮುದುಕಿಯೊಬ್ಬಳು ಮೇಕೆ ಹಿಡಿದುಕೊಂಡು ಊರೆಲ್ಲ ಸುತ್ತುತ್ತ, ಯಾರ್‍ಯಾರು ಏನೇನು ಮಾಡುತ್ತಿದ್ದಾರೆಂದು ಮೇಕೆಗೋ ನಮಗೋ ಹೇಳುತ್ತಿರುತ್ತಾಳೆ. ಕೊನೆಯಲ್ಲಿ ಫ್ರಾಂಸ್ವಾ ಸೈಕಲ್ ಸಮೇತ ಹೊಳೆಗೆ ಬಿದ್ದು, ಆ ಮುದುಕಿಯ ಜೊತೆ ಗಾಡಿಯಲ್ಲಿ ಬಂದು, ಹುಲ್ಲು ಒಟ್ಟುವವರ ಸಾಲಿಗೆ ಸೇರಿಕೊಳ್ಳುತ್ತಾನೆ. ಟಪಾಲಿನ ಚೀಲ ಒಬ್ಬ ಪುಟ್ಟ ಹುಡುಗನ ಹೆಗಲಿಗೆ ಹೋಗುತ್ತದೆ. ತಾನೇ ನಾಯಕನಾಗಿರುವ ಮೊದಲ ದೊಡ್ಡ ಚಿತ್ರದಲ್ಲಿ ಯಾವ ನಟ ತನ್ನ ಪಾತ್ರವನ್ನು ಹೀಗೆ ಜನರ ನಡುವೆ ಸೇರಿಸಿ ಬಿಟ್ಟುಬಿಡುತ್ತಾನೆ ಹೇಳಿ.

ಕಾರವಾರದ ಓದುಗಿ

ಈ ದೃಶ್ಯದ ಬಗ್ಗೆ ನನ್ನ ತಕರಾರಿಲ್ಲ. ಉಲೊ ಬಂದ ಮೇಲೆ ಇದು ಇನ್ನೂ ಮುಂದೆ ಹೋಯಿತು ಎಂಬುದನ್ನು ಸೇರಿಸುತ್ತೇನೆ. 1953ರ ಚಿತ್ರ ಸಾಂ ಮಾರ್ ಸುರ್ ಮೇರ್ ಎಂಬ ಕಡಲತಡಿಯಲ್ಲಿ ನಡೆಯುತ್ತದೆ. ರಜೆಗೆ ಬಂದವರು ದಿನವೂ ಅದೇ ಕುರ್ಚಿಯಲ್ಲಿ ಕೂರುತ್ತಾರೆ, ಅದೇ ಹೊತ್ತಿಗೆ ನಡೆಯಲು ಹೋಗುತ್ತಾರೆ, ಊಟದ ಕೋಣೆಯ ತೂಗುಬಾಗಿಲು ಪ್ರತಿ ಸಲ ಅದೇ ಸದ್ದು ಮಾಡುತ್ತದೆ. ಮುರ್ಡೇಶ್ವರ, ಗೋಕರ್ಣದ ದಂಡೆಯಲ್ಲಿ ರಜಾದಿನ ಸಂಜೆ ಕೂತು ಬಂದವರನ್ನು ನೋಡಿದವರಿಗೆ ಆ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರಲ್ಲಿ ಟೆನ್ನಿಸ್ ದೃಶ್ಯವಿದೆಯಲ್ಲ, ಉಲೊ ಬ್ಯಾಟನ್ನು ಹಿಂದೆ ಮುಂದೆ ಎರಡು ಸಲ ತಳ್ಳಿ ಚೆಂಡು ಹೊಡೆದು ಎಲ್ಲರನ್ನೂ ಸೋಲಿಸುವುದು, ಅದು ಹಳೆಯ ರಂಗಪ್ರದರ್ಶನದಿಂದ ನೇರವಾಗಿ ಬಂದದ್ದು. ಆದ್ದರಿಂದ ಕರ್ಕಿಯವರ ಮಾತಿನಲ್ಲೂ ಹುರುಳಿದೆ: ನಟ ಎಲ್ಲಿಗೂ ಹೋಗಿರಲಿಲ್ಲ.

ಕರ್ಕಿ ಕಡೆಯವ

ಹೋಗಿರಲಿಲ್ಲ ಎಂಬುದಕ್ಕೆ ದೊಡ್ಡ ಸಾಕ್ಷಿ ಕೊನೆಯ ಚಿತ್ರ. 1958ರ ‘ಮೊನಾಂಕ್ಲ್’ಗೆ ಆಸ್ಕರ್ ಬಂತು, ಅಮೆರಿಕಕ್ಕೆ ಹೋದವನು ಅಲ್ಲಿ ಮುಪ್ಪಿನಲ್ಲಿದ್ದ ಬಸ್ಟರ್ ಕೀಟನ್, ಸ್ಟ್ಯಾನ್ ಲಾರೆಲ್ ಮುಂತಾದ ಹಿರಿಯ ಹಾಸ್ಯಗಾರರನ್ನು ಕಂಡು ಬಂದ. 1967ರ ‘ಪ್ಲೇಟೈಮ್’ಗಾಗಿ ಪ್ಯಾರಿಸ್ಸಿನ ಅಂಚಿನಲ್ಲಿ ಗಾಜು, ಉಕ್ಕಿನ ಕಟ್ಟಡಗಳ ಒಂದು ನಗರವನ್ನೇ ಕಟ್ಟಿಸಿದ. ಮಾಸ್ತರರು ಹೇಳುವ ಹಂಚಿಕೆ ಅಲ್ಲಿ ತುದಿ ಮುಟ್ಟಿತು. ಉಲೊ ಗುಂಪಿನೊಳಗೆ ಕಳೆದೇಹೋಗುತ್ತಾನೆ. ಜನರೂ ಚಿತ್ರಮಂದಿರಕ್ಕೆ ಬರಲಿಲ್ಲ. ಸಾಲದಲ್ಲಿ ಮುಳುಗಿ ಮನೆಯನ್ನೂ ತನ್ನ ಚಿತ್ರಗಳ ಹಕ್ಕನ್ನೂ ಕಳೆದುಕೊಂಡ. ಆಮೇಲೆ 1974ರಲ್ಲಿ, ಸ್ವೀಡನ್ನಿನ ಟೆಲಿವಿಷನ್ನಿಗಾಗಿ ಮಾಡಿದ ‘ಪರಾದ್’ನಲ್ಲಿ ಸರ್ಕಸ್ಸಿನ ಕಣಕ್ಕೆ ಇಳಿದು ಅದೇ ಗೋಲಿ, ಅದೇ ಗಾಳದವನು, ಅದೇ ಕುದುರೆ ಸವಾರನನ್ನು ಆಡಿ ತೋರಿಸಿದ. ವಯಸ್ಸು ಅರವತ್ತೈದು ದಾಟಿತ್ತು. ನಾನು ಮೇಲೆ ವಿವರಿಸಿದ ಕುದುರೆ ಅದೇ. ನಗೆಯನ್ನೆಲ್ಲ ಹಂಚಿ ಮುಗಿಸಿದವನ ಕೈಯಲ್ಲಿ ಕೊನೆಗೆ ಉಳಿದದ್ದು ಮೊದಲಿನ ವೇಷಗಳು. ಹೀಗಿರುವಾಗ ನಟ ಸರಿದ ಮೇಲೆ ನಿರ್ದೇಶಕ ಬಂದ ಎಂದು ಹೇಗೆ ಹೇಳುವುದು?

ಸಿರ್ಸಿ ಮಾಸ್ತರ

‘ನಟ ಸರಿದ’ ಎನ್ನುವುದಕ್ಕಿಂತ ‘ನಟ ಜಾಗ ಬಿಟ್ಟುಕೊಟ್ಟ’ ಎಂದರೆ ನಮ್ಮಿಬ್ಬರ ಮಾತೂ ಉಳಿಯುತ್ತದೆ ಎಂದುಕೊಳ್ಳುತ್ತೇನೆ. ‘ಪರಾದ್’ನಲ್ಲೂ ಪ್ರೇಕ್ಷಕರ ಸಾಲಿನಲ್ಲಿ ಕೂತ ಮಕ್ಕಳ ಮೇಲೆ ಕ್ಯಾಮೆರಾ ಎಷ್ಟು ಹೊತ್ತು ನಿಲ್ಲುತ್ತದೆ, ಚಿತ್ರ ಮುಗಿಯುವುದು ಯಾರ ಕೈಯಲ್ಲಿ ಎಂಬುದನ್ನು ಒಮ್ಮೆ ನೋಡಿ. ಆದರೂ ಆ ಕುದುರೆ ಸವಾರನನ್ನು ಮೊದಲೇ ತೋರಿಸಬೇಕೆಂಬುದು ನಿಮ್ಮ ಬರಹ ಓದಿದ ಮೇಲೆ ನನಗೆ ಖಚಿತವಾಗಿದೆ.

ಹಾಗಾಗಿ ಕಾರ್ಯಕ್ರಮವನ್ನು ಹೀಗೆ ಯೋಚಿಸಿದ್ದೇನೆ. ಮೊದಲು ‘ಪರಾದ್’ನ ಕುದುರೆಯ ತುಣುಕು, ಅದರ ಮೇಲೆ ಕರ್ಕಿಯವರ ಮಾತು. ಆಮೇಲೆ 1936ರ ಕಿರುಚಿತ್ರ. ಟಪಾಲಿನವರ ಶಾಲೆ, ಅದರ ಹಿಂದೆಯೇ ಅಂಕೋಲೆಯ ಅಣ್ಣನವರು. ಚಹಾದ ನಂತರ ‘ಜೂರ್ ದ ಫೆತ್’, 1995ರ ಬಣ್ಣದ ಪ್ರತಿ. ಮಕ್ಕಳನ್ನು ಬಸ್ಸಿಗೆ ಹತ್ತಿಸಿದ ಮೇಲೆ ದೊಡ್ಡವರ ಚರ್ಚೆ, ಅಲ್ಲಿ ಲಿಡೊ. ಮಾತು ಕಡಿಮೆಯಿರುವ ಚಿತ್ರಗಳಾದ್ದರಿಂದ ಕನ್ನಡ ಅಡಿಬರಹಕ್ಕೆ ಹೆಚ್ಚಿನ ಕೆಲಸವಿಲ್ಲ. ಮುದುಕಿ ಮೇಕೆಗೆ ಹೇಳುವ ಮಾತುಗಳನ್ನಾದರೂ ಕನ್ನಡಕ್ಕೆ ತರಬೇಕು, ಫ್ರೆಂಚ್ ಬಲ್ಲವರು ಯಾರಾದರೂ ಇಲ್ಲಿದ್ದರೆ ತಿಳಿಸಿ.

ಕಾರವಾರದ ಓದುಗಿ

ಮುದುಕಿಯ ಮಾತುಗಳನ್ನು ನಾನು ಮಾಡಿಕೊಡುತ್ತೇನೆ. ಚರ್ಚೆಗೂ ಬರುತ್ತೇನೆ.

ಕುಮಟಾ ಸ್ಟುಡಿಯೊ

ಪ್ರೊಜೆಕ್ಟರ್ ನನ್ನದನ್ನೇ ತರುತ್ತೇನೆ. ಸಭಾಂಗಣದ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿಸಿಡಿ, ಮಧ್ಯಾಹ್ನದ ಬೆಳಕು ಒಳಬಂದರೆ ಮರದ ಕುದುರೆಗಳ ಬಣ್ಣ ಕಾಣುವುದಿಲ್ಲ.